ಗುಂಡಿ ಡಬ್ಬಿಯ ಕೆಳಗಿನ ಕಾರ್ಡು

ಕಾರ್ಡುಗಳನ್ನು ಒಂದೊಂದಾಗಿ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದವಳು, ಗೋಪುರದ ಕಾರ್ಡು ಕೈಗೆ ಬಂದಾಗ ಎಂದಿನಂತೆ ಅದನ್ನು ಬೇರೆ ಮಾಡಿ ಗುಂಡಿ ಡಬ್ಬಿಯ ಕೆಳಗೆ ತಳ್ಳಿದಳು. ಸಿಡಿಲು ಬಡಿದು ಉರಿಯುವ ಗೋಪುರ, ತಲೆಕೆಳಗಾಗಿ ಬೀಳುತ್ತಿರುವ ಇಬ್ಬರು. ಗುರುವಾರ ಬರುವ ಆ ಮನುಷ್ಯನ ಮುಂದೆ ಇದೇನಾದರೂ ಬಿದ್ದರೆ ಮುಗಿಯಿತು ಕಥೆ.

ಅಕ್ಕನ ಪರದೆ ಅಂಗಡಿಯ ಹಿಂದಿನ ಕೋಣೆ ಅದು. ಹಗಲೆಲ್ಲ ಇವಳು ಅಲ್ಲಿ ಪರದೆಗಳಿಗೆ ಅಂಚು ಹೊಲಿಯುತ್ತಾಳೆ. ಸಂಜೆ ಅದೇ ಮೇಜಿನ ಮೇಲೆ, ಭವಿಷ್ಯ ಕೇಳಿ ಬಂದವರಿಗೆ ಟ್ಯಾರೋ ಕಾರ್ಡು ಹರಡುತ್ತಾಳೆ.

ಅಕ್ಕ ಬಾಗಿಲಲ್ಲಿ ತಲೆ ತೂರಿಸಿ ಪಿಸುಗುಟ್ಟಿದಳು. "ಬಂದ ಕಣೇ ನಿನ್ನ 'ಇನ್ನೊಂದ್ಸಲ' ಮಹಾಶಯ."

"ನನ್ನವನು ಅಂತ ಯಾರು ಹೇಳಿದ್ರು?"

"ಹೊಟ್ಟೆ ಹಿಡ್ಕೊಂಡು ಕೂತಿದೀಯಲ್ಲ, ಅದೇ ಹೇಳ್ತಿದೆ."

"ಗ್ಯಾಸ್ ಅಕ್ಕ."

"ಗುರುವಾರ ಮಾತ್ರ ಬರೋ ಗ್ಯಾಸ್," ಎಂದು ಅಕ್ಕ ಮರೆಯಾದಳು.

ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಕತ್ತಲ ಬಾವಿಯಂಥ ಜಾಗಕ್ಕೆ ಇಳಿದು ಕೆಲಸ ಮಾಡುವವನು, ಈ ಕೋಣೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎದ್ದುಹೋಗಿ ನೋಡಿ ಬರುತ್ತಿದ್ದ. ಪ್ರತಿ ಸಲವೂ ಅದೇ ಪ್ರಶ್ನೆ: ಬೇರೆ ಊರಲ್ಲಿ ದೊಡ್ಡ ಕೆಲಸ ಕೊಡುತ್ತೇವೆ ಎನ್ನುತ್ತಿದ್ದಾರೆ, ಹೋಗಲೋ ಬೇಡವೋ? ಅವಳು ಕಾರ್ಡು ಬಿಡಿಸಿ ಹೇಳಿ ಮುಗಿಸಿದರೆ, "ಇನ್ನೊಂದ್ಸಲ ನೋಡ್ತೀರಾ?"

ವಾರಗಟ್ಟಲೆ ಇದೇ ಹಾಡು. ಹೋಗಬೇಡಿ ಅನ್ನಲು ಅವಳ ನಾಲಿಗೆಯ ತುದಿ ತುರಿಸುತ್ತಿತ್ತು. ಆದರೆ ತನ್ನ ಆಸೆಯನ್ನು ಕಾರ್ಡಿನ ಬಾಯಲ್ಲಿ ಆಡಿಸುವುದಿಲ್ಲ ಎಂಬುದು ಅವಳೇ ಹಾಕಿಕೊಂಡ ನಿಯಮ. ತನ್ನ ಬಾಯಲ್ಲಿ ಆಡುವ ಧೈರ್ಯವಂತೂ ಇರಲಿಲ್ಲ.

ಅವನು ಕೂತ. ಎದ್ದ. ಬಾಗಿಲು ನೋಡಿ ಬಂದ. ಮತ್ತೆ ಕೂತ. ತಲೆ ನೀಟಾಗಿ ಬಾಚಿದ್ದ. ಕಿವಿಯ ಹಿಂದೆ ಮಾತ್ರ ಗ್ರೀಸಿನ ಕಪ್ಪು ಗೆರೆ. ಅದನ್ನು ಒರೆಸಬೇಕೆಂದು ಅವಳ ಕೈ ತುಡಿಯಿತು. ಅವಳು ಕಾರ್ಡು ಕಲೆಸತೊಡಗಿದಳು.

"ನಾಳೆ ಉತ್ತರ ಕೊಡಬೇಕು ಮೇಡಂ. ಇವತ್ತೇ ಕೊನೆ."

"ಸದ್ಯ!" ಎಂದುಬಿಟ್ಟಳು. ಅವನ ಮುಖ ಬಾಡಿದ್ದು ಕಂಡು ಇನ್ನಷ್ಟು ರೇಗಿತು.

ಮೂರು ಕಾರ್ಡು ಬಿಡಿಸಿದಳು. ನಕ್ಷತ್ರ, ಎರಡು ಬಟ್ಟಲು, ಸೂರ್ಯ. ಎಲ್ಲವೂ ಒಳ್ಳೆಯವೇ. ಅವನು ಅವುಗಳನ್ನು ನೋಡಲೇ ಇಲ್ಲ.

"ಇನ್ನೊಂದ್ಸಲ..."

"ರೀ! ನಿಮಗೆ ಏನು ಬಂದ್ರೆ ಸಮಾಧಾನ, ಅದನ್ನಾದ್ರೂ ಹೇಳಿ. ಹುಡುಕಿ ಇಟ್ಟುಬಿಡ್ತೀನಿ!"

"ಆ ಗುಂಡಿ ಡಬ್ಬಿ ಕೆಳಗಿರೋದು."

ಅವಳ ಕೈ ನಿಂತಿತು. ಡಬ್ಬಿಯ ಅಡಿಯಿಂದ ಕಾರ್ಡಿನ ಒಂದು ಮೂಲೆ ಇಣುಕುತ್ತಿತ್ತು.

"ಮೊಬೈಲಲ್ಲಿ ಎಲ್ಲಾ ಕಾರ್ಡೂ ನೋಡಿದೀನಿ," ಎಂದ ಅವನು, ಮೆಲ್ಲಗೆ. "ಗೋಪುರದ್ದು ಒಂದಿದೆ ಅಂತ ಗೊತ್ತು. ಇವತ್ತು ಬರುತ್ತೆ, ಈ ಸಲ ಬರುತ್ತೆ ಅಂತ ಕಾಯೋದು. ಬರದೆ ಇದ್ರೆ ಇನ್ನೊಂದ್ಸಲ ಅನ್ನೋದು. ಇವರು ಬೇಕಂತಲೇ ಬಚ್ಚಿಟ್ಟಿದಾರೆ, ಅಂದ್ರೆ ನನಗೇನೋ ಭಾರೀ ಕೆಟ್ಟದ್ದು ಕಾದಿದೆ ಅಂತ ನಿದ್ದೇನೇ ಇಲ್ಲ."

"ನೀವು ಹೆದರಬಾರದು ಅಂತ ತೆಗೆದಿಟ್ಟಿದ್ದೆ!"

"ಹೊಸ ಲಿಫ್ಟ್ ಹಾಕಿದಾಗ ಒಂದ್ಸಲ ಬೇಕಂತಲೇ ಬೀಳೋಕೆ ಬಿಡ್ತೀವಿ, ಮೇಡಂ. ಬ್ರೇಕ್ ಹಿಡಿಯುತ್ತೆ ಅಂತ ಕಣ್ಣಾರೆ ನೋಡಿದ ಮೇಲೇನೇ ಜನ ಹತ್ತೋದು. ನೀವು ನನ್ನನ್ನ ಬೀಳೋಕೇ ಬಿಡಲಿಲ್ಲ."

ಅವನ ಭಯಕ್ಕೆ ಇಷ್ಟು ದಿನ ಮದ್ದು ಕೊಡುತ್ತಿದ್ದೇನೆ ಅಂದುಕೊಂಡಿದ್ದಳು. ಕೊಟ್ಟಿದ್ದು ಮೇವು. ಸಿಟ್ಟು ಬಂತು, ಅವನ ಮೇಲೆ, ತನ್ನ ಮೇಲೆ, ಆ ಡಬ್ಬಿಯ ಮೇಲೂ. ಕಾರ್ಡನ್ನು ಸರಕ್ಕನೆ ಎಳೆದು ಸೂರ್ಯನ ಪಕ್ಕ ಇಟ್ಟಳು.

"ತಗೊಳ್ಳಿ. ನೋಡಿ. ಕಣ್ತುಂಬ ನೋಡಿ!"

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಈ ಬಿಲ್ಡಿಂಗಲ್ಲಿ ಲಿಫ್ಟೇ ಇಲ್ಲ," ಎಂದ. "ಪಾಪ, ಅದಕ್ಕೇ ಹಾರ್ತಿದಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ತಲೆಯೆತ್ತಿದರೆ ಅವನು ಕಾರ್ಡು ಬಿಟ್ಟು ಅವಳನ್ನೇ ನೋಡುತ್ತಿದ್ದ. ಯಂತ್ರದ ಸದ್ದಿಗೆ ಕಿವಿಗೊಟ್ಟವನ ಹಾಗೆ, ಅಷ್ಟು ಗಮನವಿಟ್ಟು.

"ಹೋಗ್ಲಾ, ಬೇಡ್ವಾ?"

"ಮತ್ತೆ ಶುರು ಮಾಡಿದ್ರಾ? ಕಾರ್ಡು..."

"ಕಾರ್ಡನ್ನ ಕೇಳ್ತಿಲ್ಲ. ನಿಮ್ಮನ್ನ ಕೇಳ್ತಿದೀನಿ. ಮೊದಲ ದಿನದಿಂದ ನಿಮ್ಮನ್ನೇ ಕೇಳ್ತಿರೋದು."

ಹೊಟ್ಟೆಯಲ್ಲಿ ಆ ಹಾಳು ಗ್ಯಾಸು ಸುಳಿಸುಳಿಯಾಗಿ ಮೇಲೆದ್ದಿತು. ಇದನ್ನು ಹೇಳಲು ಇಷ್ಟು ಗುರುವಾರಗಳು ಬೇಕಾಗಿತ್ತೇ ಈ ಮನುಷ್ಯನಿಗೆ! ಅವಳು ಗೋಪುರವೊಂದನ್ನು ಬಿಟ್ಟು ಉಳಿದ ಕಾರ್ಡುಗಳನ್ನು ಕಟ್ಟಿಗೆ ಸೇರಿಸತೊಡಗಿದಳು.

ಅವನು ಅವಸರ ಮಾಡಲಿಲ್ಲ. "ನಾಳೆ ಮಧ್ಯಾಹ್ನದ ತನಕ ಈ ರಸ್ತೆ ಮೂಲೇಲಿರೋ ಆಸ್ಪತ್ರೆ ಲಿಫ್ಟ್ ಹತ್ರ ಇರ್ತೀನಿ," ಎಂದಷ್ಟೇ ಹೇಳಿ ಎದ್ದ. ಹೋಗುವಾಗ ಬಾಗಿಲು ಎಳೆದುಕೊಂಡ. ಅವಳು ಕಾದಳು. ಹಿಡಿಕೆ ಅಲುಗಲಿಲ್ಲ, ಹಾಕಿದೆನೋ ಇಲ್ಲವೋ ಎಂದು ನೋಡಲು ಅವನು ತಿರುಗಿ ಬರಲಿಲ್ಲ. ಇವತ್ತೇ ಬರದೆ ಇರಬೇಕಿತ್ತೇ, ಎಂದು ಅದಕ್ಕೂ ರೇಗಿತು.

ಅವನಿಗೆ ಬಂದರೆ ಅದು ಆತಂಕ, ತನಗೆ ಬಂದರೆ ಗ್ಯಾಸ್. ಊರಿನವರ ಭಯವನ್ನೆಲ್ಲ ಮೇಜಿನ ಮೇಲೆ ಹರಡಿ ಹೆಸರಿಡುವವಳು, ತನ್ನದನ್ನು ಮಾತ್ರ ಯಾವ ಡಬ್ಬಿಯ ಕೆಳಗೆ ತಳ್ಳಿಕೊಂಡು ಬಂದಿದ್ದಳು?

ತನಗೊಂದು ಕಾರ್ಡು ಎಳೆದು ನೋಡೋಣವೇ? ಬೆರಳು ಕಟ್ಟಿನವರೆಗೆ ಹೋಯಿತು. ಅಲ್ಲೇ ನಿಂತಿತು. ಗೋಪುರವನ್ನು ಉಳಿದ ಕಾರ್ಡುಗಳ ನಡುವೆ ಸೇರಿಸಿ, ಏನೂ ಎಳೆಯದೆ ಪೆಟ್ಟಿಗೆ ಮುಚ್ಚಿದಳು.

ಅಕ್ಕ ಗ್ಯಾಸಿನ ಮಾತ್ರೆ, ನೀರು ಹಿಡಿದು ಬಂದಳು. "ಏನಂದ ಕೊನೆಗೆ?"

"ಏನಿಲ್ಲ."

"ನಾಳೆ ಬೇಗ ಬಾರೇ. ಹೋಟೆಲಿನವರ ಪರದೆ ಬಾಕಿ ಇದೆ."

"ನಾಳೆ ಸ್ವಲ್ಪ ತಡ ಆಗುತ್ತೆ ಅಕ್ಕ."

"ಯಾಕೆ?"

"ಸುಮ್ನೆ," ಎಂದು ನೀರನ್ನಷ್ಟೇ ಕುಡಿದು, ಮಾತ್ರೆಯನ್ನು ಅಕ್ಕನ ಕೈಗೇ ವಾಪಸು ಕೊಟ್ಟಳು.