ಬಿಲ್ಲೆಯೊಳಗಿನ ಕರೆಂಟು ಕದ್ದೋರ್ಯಾರು?

"ಕರೆಂಟು ಕಳುವಾಗಿದೆ!"

ಆಯುಧಪೂಜೆ ರಜೆ ಮುಗಿದ ಬೆಳಗ್ಗೆ, ಕೊಳ್ಳೇಗಾಲದ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿಂದ ದೀಪಶ್ರೀ ಕೂಗಿದ್ಲು. ಲೈಟು ಉರೀತಿತ್ತು, ಫ್ಯಾನು ತಿರುಗ್ತಿತ್ತು. ಹೋಗಿದ್ದು ಅವಳ ಆಕ್ಸೈಡ್ ಬಿಲ್ಲೆಯೊಳಗಿನ ಕರೆಂಟು! ಐದು ವರ್ಷದ ಪಿಎಚ್‌ಡಿ. ಹನ್ನೊಂದಕ್ಕೆ ಮೈಸೂರಿಂದ ಪರೀಕ್ಷಕರು ಬರ್ತಾರೆ. ಬಿಲ್ಲೆ ಸತ್ರೆ ಡಿಗ್ರಿಗೂ ತಿಥಿ.

ನಮ್ ಕಡೆ ಕರೆಂಟು ಕಳ್ಳರನ್ನ ಹಿಡಿಯೋರು ಒಬ್ರೇ—ಮಧುವನಹಳ್ಳಿಯ ರಿಟೈರ್ಡ್ ಲೈನ್‌ಮನ್ ಶಿವಮಲ್ಲಪ್ಪ. ಬೈಕಲ್ಲಿ ಕೂರಿಸ್ಕೊಂಡು ಬಂದೆ.

"ಏನವ್ವಾ ಇದು, ಗಾಜಿನ ಚೂರಾ?"

"ಮೇಲೊಂದು ಪದರ ಇದೆ ಸರ್, ಈರುಳ್ಳಿ ಸಿಪ್ಪೆಗಿಂತ ಸಾವಿರ ಪಟ್ಟು ತೆಳು. ಕಲ್ಲಿನಂಗೆ, ಕರೆಂಟು ಬಿಡಲ್ಲ. ಈ ಮಿಷನ್ನಿನ ಬಟನ್ ಒತ್ತಿ ಸರಿಯಾದ ಕಡೆಯಿಂದ ವೋಲ್ಟೇಜ್ ಕೊಟ್ರೆ, ಒಳಗಿನ ಆಕ್ಸಿಜನ್ ಸರಿದು ದಾರಿ ಬಿಡುತ್ತೆ. ಬಟನ್ ಬಿಟ್ಟ ಮೇಲೂ ದಾರಿ ಹಂಗೇ ಇರುತ್ತೆ."

ಶಿವಮಲ್ಲಪ್ಪ ಬಾಯಿ ಬಿಟ್ಕೊಂಡು ನಿಂತ್ರು. "ಕಲ್ಲೇ ತಂತಿ ಆಯ್ತದಾ?"

"ರಜೆಗೆ ಮುಂಚೆ ಆಗಿತ್ತು."

"ಆಮೇಲೆ ಒಳಿಕ್ ಬಂದೋರ್ಯಾರು?"

ಎಲ್ರ ಕಣ್ಣೂ ಅಟೆಂಡರ್ ಪುಟ್ಟಬಸಪ್ಪನ ಮೇಲೆ.

"ಸಿವ್ನಾಣೆಗೂ ಗಾಜು ಮುಟ್ಟಿಲ್ಲ ಸಾ! ಪೂಜೆಗೆ ವೈರು ಕಿತ್ತು ಮಿಸನ್ ಒರೆಸ್ದೆ, ಕುಂಕ್ಮ ಇಕ್ದೆ, ತಿರ್ಗಾ ಚುಚ್ದೆ. ಅಷ್ಟೇಯ."

"ಎಂಗ್ ಚುಚ್ದ್ಲಾ?"

"ಕೆಂಪು ವೈರು ಕೆಂಪು ತೂತಿಗೆ. ಅಷ್ಟೂ ತಿಳಿಯಕಿಲ್ವಾ ನಂಗೆ?"

ಶಿವಮಲ್ಲಪ್ಪ ಮಿಷನ್ ಕಡೆ ಬಗ್ಗಿದ್ರು. ಎರಡೂ ವೈರನ್ನ ತೂತಿನವರೆಗೂ ಬೆರಳಲ್ಲಿ ಹಿಂಬಾಲಿಸಿದ್ರು. ಆಮೇಲೆ—

"ಇವತ್ತು ಬಟನ್ ಒತ್ತಿದ್ಯಾ ಅವ್ವಾ?"

"ಬೆಳಗ್ಗೆನೇ. ಒತ್ತಿದ ಮೇಲೇ ಸತ್ತಿದ್ದು."

"ವೋಲ್ಟೇಜು ಉಲ್ಟಾ ಒಡುದ್ರೆ?"

"ದಾರಿ ಮುಚ್ಚೋಗುತ್ತೆ... ಅಯ್ಯೋ!"

ಕೆಂಪು ವೈರಿದ್ದ ತೂತಿನ ಸುತ್ತ ಶಿವಮಲ್ಲಪ್ಪ ಉಗುರಲ್ಲಿ ಕೆರೆದ್ರು. ಕುಂಕುಮ ಉದುರ್ತು. ಕೆಳಗೆ—ಕಪ್ಪು!

"ಎಲ್ರೂ ಕುಂಕ್ಮ ಕಂಡು ಕೈ ಮುಗುದ್ರಿ, ಅಡೀಲಿ ಏನದೆ ಅಂತ ಯಾರೂ ನೋಡ್ನಿಲ್ಲ. ಕುಂಕ್ಮ ಇಕ್ದೇಟ್ಗೆ ಎರಡು ತೂತೂ ಕೆಂಪು. ವೈರು ಅದಲುಬದಲು ಮಾಡ್ದೋನು ಪುಟ್ಟಬಸಪ್ಪ. ದಾರಿ ಮುಚ್ಚಿದ್ದು ಮಾತ್ರ ನಿನ್ ಬೆರಳೇ ಕಣವ್ವ!"

ವೈರು ಬದಲಾಯಿಸಿ ದೀಪಶ್ರೀ ಬಟನ್ ಒತ್ತಿದ್ಲು. ಮೀಟರಿನ ಮುಳ್ಳು ಸರ್ರನೆ ಎದ್ದಿತು. ಬಟನ್ ಬಿಟ್ಟು ಹತ್ತು ನಿಮಿಷ ಕಾದು ನೋಡಿದ್ರೂ—ದಾರಿ ಹಂಗೇ!

"ಮೂವತ್ತೈದ್ ವರ್ಸ ಕಂಬ ಅತ್ತಿ ತಂತಿ ಎಳ್ದೆ," ಶಿವಮಲ್ಲಪ್ಪನ ದನಿ ಇಳಿದಿತ್ತು. "ಇಲ್ಲಿ ಕಂಬ ಇಲ್ಲ, ಕಟಿಂಗ್ ಪ್ಲೇಯರ್ ಇಲ್ಲ. ತಿಳ್ಸಿ ಏಳುದ್ರೆ ಕಲ್ಲೇ ಕೇಳ್ತದಲ್ಲ!"

ಪುಟ್ಟಬಸಪ್ಪ ಚಪ್ಪಲಿ ಬಿಟ್ಟು ನಿಂತಿದ್ದ. "ಮೇಡಮ್ಮೋರೆ, ಬರೋ ವರ್ಸ ಪೂಜೆ ಬ್ಯಾಡ್ವಾ?"

"ಮಾಡು ಬಸಪ್ಪಣ್ಣ. ಕೆಂಪು ತೂತಿಗೆ ಕುಂಕುಮ. ಕಪ್ಪಿಗೆ..."

ದೀಪಶ್ರೀ ತಡವರಿಸಿದ್ಲು. ಶಿವಮಲ್ಲಪ್ಪ ತಮ್ಮ ಹಣೆಯ ಬಿಳಿ ಪಟ್ಟೆ ಮುಟ್ಟಿ, ಆ ಬೆರಳನ್ನೇ ಕಪ್ಪು ತೂತಿನ ಮೇಲೆ ಎಳೆದ್ರು.

"ಈಬೂತಿ!"