ದೂರಕಾಯದ ನಡುಕ

ನೀಲಗಂಗಾ ಹಿರೇಮಠ ಬಲಗಾಲನ್ನು ಮುಂದಿಟ್ಟರು. ಬಿಸಿಲಿಗೆ ಕಾದ ಬೆಣಚುಗಲ್ಲುಗಳು ಅಂಗಾಲಿಗೆ ಒತ್ತಿದವು. ಎರಡೂ ಬದಿಗೆ ಬೂದುಬಣ್ಣದ ಬಂಡೆಗಳು ಗೋಡೆಯಂತೆ ನೇರವಾಗಿ ಮೇಲೆದ್ದಿದ್ದವು. ನಡುವೆ ಮೊಣಕಾಲು ಮುಳುಗದಷ್ಟು ತೆಳುವಾಗಿ ಹಸಿರು ನೀರು ಹರಿಯುತ್ತಿತ್ತು. ಅದು ಒಮಾನ್ ದೇಶದ ಒಂದು ಕಣಿವೆ. ನೀಲಗಂಗಾ ಅವರ ನಿಜವಾದ ಕಾಲುಗಳು ಮಾತ್ರ ಅಲ್ಲಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ, ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಟ್ಟಡದೊಳಗೆ, ಒರಗುಕುರ್ಚಿಯ ಮೇಲೆ ಚಾಚಿಕೊಂಡಿದ್ದವು.

ಕಣಿವೆಯಲ್ಲಿ ನಡೆಯುತ್ತಿದ್ದುದು ಅವರ ದೂರಕಾಯ. ಹಗುರ ಲೋಹ ಮತ್ತು ರಬ್ಬರಿನಿಂದ ಮಾಡಿದ, ಆಳೆತ್ತರದ ಯಾಂತ್ರಿಕ ದೇಹ ಅದು. ಮುಖವಿರಬೇಕಾದಲ್ಲಿ ಒಂದು ಪರದೆ. ಅದರಲ್ಲಿ ಗ್ರಾಹಕರ ಮುಖ ಮೂಡುತ್ತಿತ್ತು. ಹುಬ್ಬಳ್ಳಿಯಲ್ಲಿ ಸ್ಪರ್ಶಕವಚ ತೊಟ್ಟು ಮಲಗಿದವರ ನರಗಳ ಸಂಕೇತಗಳನ್ನು ಉಪಗ್ರಹ ಹೊತ್ತೊಯ್ಯುತ್ತಿತ್ತು. ಅವರು ಕೈ ಎತ್ತಿದರೆ ದೂರಕಾಯವೂ ಕೈ ಎತ್ತುತ್ತಿತ್ತು. ಅದರ ಅಂಗಾಲಿನ ಕಂಪನಗ್ರಾಹಿಗಳು, ಮೂಗಿನ ಜಾಗದ ಗಂಧಗ್ರಾಹಿ ತಿಳಿದುಕೊಂಡದ್ದೆಲ್ಲ ಮರುಕ್ಷಣವೇ ಗ್ರಾಹಕರಿಗೆ ಮರಳುತ್ತಿತ್ತು. ವಿದೇಶದಲ್ಲಿ ಮದುವೆ ಮಾಡುವವರ ಮನೆಗಳಲ್ಲಿ ಇದಕ್ಕೆ ಭಾರೀ ಬೇಡಿಕೆ. ಪಾಸ್‌ಪೋರ್ಟ್ ಬೇಡ, ವಿಮಾನ ಬೇಡ. ಛತ್ರ ನೋಡಬಹುದು, ಅಡುಗೆಮನೆ ಹೊಕ್ಕು ಪಾತ್ರೆ ಮುಟ್ಟಿ ನೋಡಬಹುದು.

ನೀಲಗಂಗಾ ವಿಮಾನ ಹತ್ತಿದವರಲ್ಲ. ನರಗುಂದದ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಅವರಿಗೆ ಲಿಫ್ಟಿನೊಳಗೆ ನಿಂತರೂ ಎದೆ ಹೊಡೆದುಕೊಳ್ಳುತ್ತಿತ್ತು. ಗಂಡ ಬದುಕಿದ್ದಾಗ ಬೈಕಿನ ಹಿಂದೆ ಕೂತು, ಕಣ್ಣು ಮುಚ್ಚಿಯೇ ಊರು ಸುತ್ತಿದ್ದರು. ಮಗಳು ಶಾಂಭವಿ ಇದಕ್ಕೆ ತದ್ವಿರುದ್ಧ. ಬಾದಾಮಿಯ ಬಂಡೆಗಳನ್ನು ಹಗ್ಗ ಕಟ್ಟಿ ಏರುತ್ತಲೇ ಬೆಳೆದವಳು. ಅಲ್ಲೇ ಆಕೆಗೆ ಮಿಹಿರ್ ಆಶರ್ ಸಿಕ್ಕಿದ್ದ. ಅವನ ಮನೆತನ ಕಛ್ ಮೂಲದ್ದು. ನಾಲ್ಕು ತಲೆಮಾರಿನಿಂದ ಒಮಾನಿನ ಮಸ್ಕತ್ತಿನಲ್ಲಿ ನೆಲೆಸಿತ್ತು. ಬಂಡೆ ಹತ್ತುವವರ ಮದುವೆ ಬಂಡೆಗಳ ನಡುವೆಯೇ ಆಗಬೇಕು ಎಂದು ಇಬ್ಬರೂ ಹಟ ಹಿಡಿದಿದ್ದರು. ನವೆಂಬರಿನಲ್ಲಿ ಮದುವೆ. ಈಗ ಮಾರ್ಚ್. ಆ ದಿನ ಮಂಟಪವನ್ನು ಪ್ರಾಯೋಗಿಕವಾಗಿ ನಿಲ್ಲಿಸಿ ನೋಡುವ ಕೆಲಸ ನಡೆದಿತ್ತು.

"ಎಲ್ಲಾ ಸರಿ ಅನ್ನಿಸ್ತದಾ ಅಕ್ಕೋರೇ?" ಕಿವಿಯಲ್ಲಿ ಡಾಕ್ಟರ್ ಅಶ್ಫಾಕ್ ಸವಣೂರ ಕೇಳಿದರು. ದೂರಕಾಯ ಕೇಂದ್ರದ ಮುಖ್ಯ ವಿಜ್ಞಾನಿ ಅವರು. ಊರಿನ ರೂಢಿಯಂತೆ ನಿವೃತ್ತ ಶಿಕ್ಷಕಿಯನ್ನು ಅವರು ಅಕ್ಕೋರೇ ಎಂದೇ ಕರೆಯುತ್ತಿದ್ದರು.

"ಅಂಜಿಕಿ ಬರಾಕತ್ತೈತ್ರಿ."

"ಬಂದ್ರೂ ಚಿಂತಿಲ್ಲ. ಅಲ್ಲಿದ್ದವರಿಗೆ ಅದು ಗೊತ್ತಾಗೂದಿಲ್ಲ. ಭಯಶೋಧಕ ಐತಲ್ಲ."

ಮೊದಲ ಭೇಟಿಯಲ್ಲೇ ಅವರು ಇದನ್ನು ವಿವರಿಸಿದ್ದರು. ಭಯಗೊಂಡವರ ಕೈ ನಡುಗುತ್ತದೆ, ದನಿ ಒಡೆಯುತ್ತದೆ. ಅದು ಹಾಗೆಯೇ ಹಾದುಹೋದರೆ ಯಾಂತ್ರಿಕ ದೇಹ ಮುಗ್ಗರಿಸುತ್ತದೆ. ಆದ್ದರಿಂದ ಭಯಶೋಧಕವು ನಡುಕವನ್ನು ಸೋಸಿ ತೆಗೆದು, ದನಿಯನ್ನು ಸಮ ಮಾಡಿ ಕಳಿಸುತ್ತಿತ್ತು. ಅದನ್ನೂ ಮೀರಿ ಹೃದಯದ ಬಡಿತ ನಿಮಿಷಕ್ಕೆ ನೂರ ನಲವತ್ತು ದಾಟಿದರೆ ಸಂಪರ್ಕವನ್ನೇ ಕಡಿದುಹಾಕುತ್ತಿತ್ತು. ಯಂತ್ರ ಬಂದ ಹೊಸದರಲ್ಲಿ ಹಗ್ಗದ ಸೇತುವೆಯ ಮೇಲಿದ್ದ ಗ್ರಾಹಕರೊಬ್ಬರಿಗೆ ಕುರ್ಚಿಯಲ್ಲೇ ಹೃದಯಾಘಾತವಾಗಿತ್ತು. ಈ ಏರ್ಪಾಡು ಆಮೇಲಿನದು.

ಹೀಗಾಗಿ ಹಿಂದಿನ ಎರಡು ಭೇಟಿಗಳಲ್ಲಿ ನೀಲಗಂಗಾ ಎಷ್ಟು ಹೆದರಿದ್ದರೆಂಬುದು ಮಗಳಿಗೆ ತಿಳಿದಿರಲಿಲ್ಲ. ಪರದೇಶದಲ್ಲಿ ನೆಂಟರಿಲ್ಲದ ಮದುವೆ, ಮಗಳು ಇನ್ನು ಅಲ್ಲಿಯೇ ಉಳಿಯುತ್ತಾಳೆಂಬ ಸಂಕಟ, ಎಲ್ಲವೂ ಶೋಧಕದಲ್ಲಿ ಸೋಸಿಹೋಗಿ, "ಛಲೋ ಐತಿ ಬಿಡವ್ವಾ" ಎಂಬ ಶಾಂತ ಮಾತು ಮಾತ್ರ ಅತ್ತ ತಲುಪಿತ್ತು. ಅವ್ವ ಕೊನೆಗೂ ಧೈರ್ಯ ತಂದುಕೊಂಡಳೆಂದು ಶಾಂಭವಿ ಹಿಗ್ಗಿದ್ದಳು.

ಈಗ ಅವಳು ನೀರಿನಂಚಿನಲ್ಲಿ ನಿಂತು ಕೈಬೀಸಿದಳು. "ಅವ್ವಾ, ಇಲ್ಲಿ ಬಾ. ಅಕ್ಷತಿ ಹಾಕೋರು ಆ ಕಡೆ ನಿಲ್ತಾರ. ಮಂಟಪ ಇಲ್ಲಿ." ಮಿಹಿರ್ ನಾಲ್ವರು ಕೆಲಸಗಾರರೊಂದಿಗೆ ಕಂಬ ನಿಲ್ಲಿಸುತ್ತಿದ್ದ. ಎದುರು ದಂಡೆಯಲ್ಲಿ ಬಿಜೋಯ್ ಎಂಬ ಎಲೆಕ್ಟ್ರಿಷಿಯನ್ ಜನರೇಟರ್ ಹಚ್ಚಿ ದೀಪದ ಸರ ಜೋಡಿಸುತ್ತಿದ್ದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ನೀಲಗಂಗಾ ನೀರಿನ ಹತ್ತಿರ ಹೋದರು. ಅಲ್ಲಿಯೇ ನಿಂತುಬಿಟ್ಟರು.

ನೀರಿನ ಮೇಲೆ ಬೆರಳಗಲದ ನೊರೆ ತೇಲಿಬಂತು. ಅದರ ಹಿಂದೆ ಒಣಕಡ್ಡಿಗಳು, ಆಡಿನ ಹಿಕ್ಕೆ. ತಣ್ಣನೆಯ ಗಾಳಿ ಬೀಸಿ, ಹಸಿಮಣ್ಣಿನ ವಾಸನೆ ತಂದಿತು. ಅಂಗಾಲಿನಲ್ಲಿ ಏನೋ ಗುಂಯ್‌ಗುಟ್ಟಿತು. ದೂರದಲ್ಲಿ ಯಾರೋ ದೊಡ್ಡ ಬೀಸುಕಲ್ಲು ತಿರುಗಿಸಿದಂತೆ.

ಆ ವಾಸನೆ ಅವರಿಗೆ ಗೊತ್ತಿತ್ತು. ಅವರು ಹುಟ್ಟಿದ್ದು ಬೆಣ್ಣೆಹಳ್ಳದ ದಂಡೆಯ ಊರಿನಲ್ಲಿ. ಒಂಬತ್ತು ವರ್ಷದವರಿದ್ದಾಗ ಅಣ್ಣ ಚನ್ನಯ್ಯ ಎಮ್ಮೆ ಮೈ ತೊಳೆಯಲು ಹಳ್ಳಕ್ಕಿಳಿದಿದ್ದ. ಊರಲ್ಲಿ ಚುರುಗುಟ್ಟುವ ಬಿಸಿಲು. ಮಳೆ ಬಿದ್ದದ್ದು ಎಲ್ಲೋ ಮೇಲೆ. ಮೊದಲು ನೊರೆ ಬಂತು, ಆಮೇಲೆ ಕಡ್ಡಿ, ಆಮೇಲೆ ಈ ವಾಸನೆ. ದಂಡೆಯಲ್ಲಿದ್ದ ನೀಲಗಂಗಾ ಅಂಜಿ ಮನೆಗೆ ಓಡಿದ್ದರು, ಅಣ್ಣನನ್ನು ಕೂಗಿರಲಿಲ್ಲ. ಚನ್ನಯ್ಯನ ದೇಹ ಮೂರನೆಯ ದಿನ ಸಿಕ್ಕಿತು.

"ಶಾಂಭವೀ" ಎಂದು ಬಾಯಿ ತೆರೆದರು. ಅಷ್ಟರಲ್ಲಿ ಕಣಿವೆ ಕಪ್ಪಾಯಿತು.

ಕಣ್ಣು ತೆರೆದಾಗ ತಲೆಯ ಮೇಲೆ ಹುಬ್ಬಳ್ಳಿಯ ಫ್ಯಾನು ತಿರುಗುತ್ತಿತ್ತು.

"ಬಡಿತ ನೂರೈವತ್ತಕ್ಕ ಹೋಗಿತ್ರಿ" ಎಂದು ಅಶ್ಫಾಕ್ ನೀರಿನ ಲೋಟ ಹಿಡಿದು ಬಂದರು. "ಯಂತ್ರ ತಾನ ಬಂದ್ ಆತು. ಸ್ವಲ್ಪ ಆರಾಮ ಮಾಡ್ರಿ."

"ಹಳ್ಳ ಬರಾಕತ್ತೈತಿ!" ನೀಲಗಂಗಾ ಅವರ ತೋಳು ಹಿಡಿದರು. "ಫೋನ್ ಮಾಡ್ರಿ ಅವರಿಗೆ!"

ಅಶ್ಫಾಕ್ ಮಾಡಿದರು. ಶಾಂಭವಿಗೆ, ಮಿಹಿರನಿಗೆ. ಆಳವಾದ ಕಣಿವೆಯಲ್ಲಿ ಫೋನುಗಳಿಗೆ ಸಂಕೇತ ಸಿಗುತ್ತಿರಲಿಲ್ಲ. ಅಲ್ಲಿಗೆ ತಲುಪುವ ದಾರಿ ಉಪಗ್ರಹಕ್ಕೆ ಜೋಡಿಸಿದ ದೂರಕಾಯ ಒಂದೇ. ಅದನ್ನೂ ನೀಲಗಂಗಾ ಅವರ ನರಗಳಿಗಷ್ಟೇ ಹೊಂದಿಸಲಾಗಿತ್ತು. ಅದರ ಕಣ್ಣಿನ ಚಿತ್ರ ಗೋಡೆಯ ಪರದೆಯಲ್ಲಿ ಬರುತ್ತಿತ್ತು. ಶಾಂಭವಿ ಅದರ ಮುಂದೆ ನಿಂತು ನಗುತ್ತಿದ್ದಳು. ಸಂಪರ್ಕ ಕಡಿದಾಗ ದೂರಕಾಯದ ಮುಖದಲ್ಲಿ ಗ್ರಾಹಕರ ನಗುಮುಖದ ಫೋಟೋ ಮೂಡುವಂತೆ ಮಾಡಿದವರು ಕೇಂದ್ರ ನಡೆಸುವ ಕಂಪನಿಯವರೇ. ಅವ್ವ ನಗುತ್ತ ನಿಂತಿದ್ದಾಳೆಂದು ಮಗಳು ತಿಳಿದಿದ್ದಳು. ಅವಳ ಹಿಂದೆ ನೀರು ಕಂದುಬಣ್ಣಕ್ಕೆ ತಿರುಗುತ್ತಿತ್ತು.

"ನನ್ನ ಮತ್ತ ಕಳಸ್ರಿ."

"ಅಕ್ಕೋರೇ, ಬಡಿತ ಇಳಿಯೋತನಕ ಯಂತ್ರ ಒಳಗ ಬಿಡೂದಿಲ್ಲ."

"ನನ್ನ ಮಗಳು ಅಲ್ಲಿ ನಿಂತಾಳ. ನನ್ನ ಬಡಿತ ಹೆಂಗ ಇಳೀಬೇಕ್ರಿ?"

"ಶೋಧಕ ಪೂರ್ತಿ ತೆಗೀಬೇಕಾಗ್ತದ. ನಿಮಗೇನಾರ ಆದ್ರ..." ಅಶ್ಫಾಕರಿಗೂ ಒಬ್ಬ ಮಗಳಿದ್ದಳು. ಪರದೆಯತ್ತ ಒಮ್ಮೆ ನೋಡಿ, ಕುರ್ಚಿಯ ಹಿಂಬದಿಯ ಮುಚ್ಚಳ ತೆಗೆದು ಎರಡು ತಂತಿಗಳನ್ನು ಕೈಯಾರೆ ಕಿತ್ತರು.

ಕಣಿವೆ ಮರಳಿ ಬಂತು. ಈ ಸಲ ಅದು ಬೇರೆಯೇ ಆಗಿತ್ತು. ನಡುವೆ ಯಾವ ಮೆತ್ತೆಯೂ ಇರಲಿಲ್ಲ. ಅಂಗಾಲಿನ ಗುಂಯ್‌ಗುಡುವಿಕೆ ಹಲ್ಲಿನವರೆಗೆ ಏರಿತು. ನೀಲಗಂಗಾ ಮಗಳ ರಟ್ಟೆ ಹಿಡಿದರು. ಯಾಂತ್ರಿಕ ಕೈ ಗಡಗಡ ನಡುಗಿತು.

"ಮ್ಯಾಲ... ಮ್ಯಾಲ ಹತ್ರಿ ಎಲ್ಲಾರೂ... ಶಾಂಭವೀ, ಹಳ್ಳ ಬಂತು!"

ಶಾಂಭವಿಯ ನಗು ಆರಿತು. ಆ ಯಂತ್ರದಿಂದ ಅಂಥ ದನಿ ಅವಳು ಎಂದೂ ಕೇಳಿರಲಿಲ್ಲ. ಮಾತು ತುಂಡುತುಂಡಾಗಿತ್ತು, ಉಸಿರು ಶಿಳ್ಳೆ ಹಾಕುತ್ತಿತ್ತು. ರಟ್ಟೆಯಲ್ಲಿದ್ದ ನಡುಕ ಅವಳ ಮೈಗೆ ಹರಿಯಿತು. ಏಕೆ ಎಂದು ಅವಳು ಕೇಳಲಿಲ್ಲ. "ಮಿಹಿರ್!" ಎಂದು ಚೀರಿ ಬಂಡೆಯತ್ತ ಓಡಿದಳು. ಬಂಡೆ ಏರಿ ಅಭ್ಯಾಸವಿದ್ದ ಇಬ್ಬರೂ ಸೇರಿ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಮೇಲಿನ ಚಾಚುಬಂಡೆಗೆ ಎಳೆದುಕೊಂಡರು. ಮೂವರು, ನಾಲ್ವರು.

ಐದನೆಯವನಾದ ಬಿಜೋಯ್ ಜನರೇಟರಿನ ಸದ್ದಿನಲ್ಲಿ ಏನೂ ಕೇಳಿಸದೆ, ಇತ್ತ ಬೆನ್ನು ಮಾಡಿ ದೀಪ ಕಟ್ಟುತ್ತಿದ್ದ.

ನೀಲಗಂಗಾ ಅವನನ್ನು ನೋಡಿದರು. ಹಿಂದಕ್ಕೆ ಓಡಬೇಕೆಂದು ಮೈಯ ಪ್ರತಿಯೊಂದು ಎಳೆಯೂ ಹೇಳುತ್ತಿತ್ತು. ಹುಬ್ಬಳ್ಳಿಯ ಕುರ್ಚಿಯಲ್ಲಿ ಅವರ ನಿಜವಾದ ಕಾಲುಗಳು ಮಡಚಿಕೊಂಡವು. ಕಣಿವೆಯಲ್ಲಿ ದೂರಕಾಯ ಮಂಡಿಯೂರಿತು. ಎದ್ದರು. ಮೊಣಕಾಲುದ್ದದ ನೀರು ದಾಟಿ, ಬಿಜೋಯನ ಅಂಗಿ ಹಿಡಿದು ಎಳೆದರು. ಯಂತ್ರವೊಂದು ನಡುಗುತ್ತ ಅಳುವುದನ್ನು ಕಂಡು ಅವನು ಮೊದಲು ಅದಕ್ಕೇ ಬೆದರಿದ. ಆಮೇಲೆ ತಿರುವಿನಲ್ಲಿ ನೀರನ್ನು ಕಂಡ.

ಅದು ನೀರಿನಂತಿರಲಿಲ್ಲ. ಕೆಸರು, ಮರ, ಕಲ್ಲುಗಳ ಗೋಡೆಯೊಂದು ನಡೆದು ಬರುತ್ತಿತ್ತು. ನೀಲಗಂಗಾ ಅವನನ್ನು ಸೊಂಟ ಹಿಡಿದು ಹತ್ತಿರದ ಬಂಡೆಗೆ ಎತ್ತಿದರು. ಅವನ ಕಾಲಿಗೆ ಮೇಲೆ ನೆಲೆ ಸಿಕ್ಕಿತು. ಅವರಿಗೆ ಸಿಗಲಿಲ್ಲ.

ಬಾಯಿ, ಮೂಗು, ಕಿವಿಗಳಿಗೆ ಕೆಸರು ನುಗ್ಗಿತು. ಅದು ತಮ್ಮ ಬಾಯಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಪ್ರಯೋಜನವಾಗಲಿಲ್ಲ. ಉಸಿರು ನಿಂತಿತು. ಚನ್ನಯ್ಯನಿಗೂ ಹೀಗೆಯೇ ಆಗಿತ್ತು ಎಂಬುದೊಂದೇ ಯೋಚನೆ. ಎದೆಯ ಮೇಲಿನ ಕವಚವನ್ನು ಅಶ್ಫಾಕ್ ಹರಿದು ತೆಗೆಯುವವರೆಗೆ ಅವರು ಒಣ ಕೋಣೆಯೊಂದರಲ್ಲಿ ಮುಳುಗುತ್ತಲೇ ಇದ್ದರು.

ನೀಲಗಂಗಾ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಕಣಿವೆಯ ಏಳು ಜನರೂ ಬದುಕುಳಿದಿದ್ದರು. ಮಂಟಪದ ಒಂದು ಕಂಬವೂ ಸಿಗಲಿಲ್ಲ. ಕಂಪನಿ ಅಶ್ಫಾಕರನ್ನು ಕೆಲಸದಿಂದ ಅಮಾನತು ಮಾಡಿತು. ಎರಡು ತಿಂಗಳಲ್ಲಿ ತಾನಾಗಿಯೇ ಮರಳಿ ಕರೆಯಿತು. ಸುದ್ದಿ ಓದಿದ ಗ್ರಾಹಕರು ಕೇಂದ್ರಕ್ಕೆ ಬಂದು ತಮ್ಮ ನಿಜವಾದ ದನಿಯೇ ಅತ್ತ ತಲುಪಲಿ, ತಮ್ಮ ಶೋಧಕವನ್ನೂ ತೆಗೆಯಿರಿ ಎಂದು ಕೇಳತೊಡಗಿದ್ದರು. ಎದೆ ಗಟ್ಟಿಯಿದ್ದವರಿಗೆ ಮಾತ್ರ ಎಂಬ ಷರತ್ತಿನ ಮೇಲೆ ಕಂಪನಿ ಒಪ್ಪಿತು. ಇದನ್ನು ಯಾರೂ ಎಣಿಸಿರಲಿಲ್ಲ. ಮುಂದಾದದ್ದನ್ನಂತೂ ಅಶ್ಫಾಕರೂ ಎಣಿಸಿರಲಿಲ್ಲ.

ನವೆಂಬರಿನಲ್ಲಿ ಮದುವೆ ಮಸ್ಕತ್ತಿನ ಒಂದು ಸಭಾಗೃಹದಲ್ಲಿ ಏರ್ಪಾಡಾಯಿತು. ನೀಲಗಂಗಾ ವಿಮಾನದಲ್ಲಿ ಹೋದರು. ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿನ ಕೈ ಹಿಡಿದಿದ್ದರು.

ಮುಹೂರ್ತಕ್ಕೆ ಅರ್ಧ ಗಂಟೆಯಿದ್ದಾಗ ಮಿಹಿರ್ ಓಡಿಬಂದ. "ಅಮ್ಮಾ, ಶಾಂಭವಿ ಬಾಗಿಲು ತೆಗೀತಿಲ್ಲ."

ನೀಲಗಂಗಾ ಕರೆದಾಗ ಬಾಗಿಲು ತೆರೆಯಿತು. ಇಳಕಲ್ ಸೀರೆ ಉಟ್ಟ ಶಾಂಭವಿ ಮತ್ತೆ ಕೋಣೆಯ ಮೂಲೆಗೆ ಹೋಗಿ ಮೊಣಕಾಲು ತಬ್ಬಿ ಕೂತಳು. ಕೆಳಗಿನ ಅಂಗಳವನ್ನು ಯಾರೋ ಪೈಪಿನಲ್ಲಿ ನೀರು ಬಿಟ್ಟು ತೊಳೆಯುತ್ತಿದ್ದರು. ಆ ಸದ್ದು ಕಿಟಕಿಯಿಂದ ಬರುತ್ತಿತ್ತು.

"ನೀರಿನ ಸದ್ದು ಕೇಳಿದ್ರ ಕಾಲು ಏಳಂಗಿಲ್ಲವ್ವಾ" ಎಂದಳು. "ಮಾರ್ಚಿನಿಂದ ಬಂಡೆಗಲ್ಲು ಮುಟ್ಟಿಲ್ಲ. ಮಿಹಿರನ ಮುಂದ ಸುಳ್ಳು ಹೇಳೇನಿ, ಭುಜ ನೋಯ್ತದಂತ. ಅವತ್ತು ನಿನ್ನ ಕೈ ನನ್ನ ರಟ್ಟಿ ಹಿಡೀತಲ್ಲ, ಆ ನಡುಕ ನನ್ನೊಳಗ ಕುಂತುಬಿಟ್ಟೈತಿ."

ನೀಲಗಂಗಾ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಮಗಳ ಜೀವ ಉಳಿಸಿದ್ದೇನೆಂದು ಎಂಟು ತಿಂಗಳು ನೆಮ್ಮದಿಯಿಂದಿದ್ದರು. ತಮ್ಮ ಒಡಲಲ್ಲಿ ಐವತ್ತಮೂರು ವರ್ಷ ಮುಚ್ಚಿಟ್ಟುಕೊಂಡದ್ದು ಮಗಳಿಗೆ ದಾಟಿಹೋಗಿದೆಯೆಂದು ಅವರಿಗೆ ಈಗಷ್ಟೇ ತಿಳಿಯಿತು.

"ಇಷ್ಟು ವರ್ಷ ಇದನ್ನ ಇಟ್ಕೊಂಡು ಹೆಂಗ ಬದುಕಿದಿ ಅವ್ವಾ?" ಶಾಂಭವಿ ಕೇಳಿದಳು. "ನಾ ನಿನಗ ಎಷ್ಟು ನಗತಿದ್ದೆ."

"ಅಂಜಿಕೋತನ ಸಾಲಿಗೆ ಹೋದೆ. ಅಂಜಿಕೋತನ ನಿನ್ನ ಹಡದೆ. ನೀ ಬಂಡೆಗಲ್ಲು ಹತ್ತುವಾಗ ಕೆಳಗ ನಿಂತು ಎಣಿಸ್ತಿದ್ದೆ, ನೂರಾ ಒಂದು, ನೂರಾ ಎರಡು..."

"ಇದು ಯಾವಾಗ ಹೋಗ್ತದ?"

ನೀಲಗಂಗಾ ಸುಳ್ಳು ಹೇಳಲಿಲ್ಲ. "ನನಗಂತೂ ಹೋಗಲಿಲ್ಲವ್ವಾ. ಕಾಲಷ್ಟ ನಡೀತಾವ. ನಡಸಿ ನೋಡು."

ಮೊದಲು ಮಿಹಿರನನ್ನು ಒಳಗೆ ಕರೆದು, ಭುಜದ ನೋವು ಸುಳ್ಳೆಂದು ಶಾಂಭವಿ ತಾನೇ ಒಪ್ಪಿಕೊಂಡಳು. ಅವನು ಅವಳ ಸೆರಗಿನ ಮೇಲಿದ್ದ ಕಣ್ಣೀರಿನ ಕಲೆಯನ್ನು ತನ್ನ ಶಲ್ಯದಿಂದ ಒತ್ತಿ ಒರೆಸಿದ.

ಆಮೇಲೆ ತಾಯಿ ಮಗಳು ಮೆಟ್ಟಿಲಿನ ತಲೆಗೆ ಬಂದರು. ಕೆಳಗೆ ನರಗುಂದದ ಒಂಬತ್ತು ಮಂದಿ ಹಿರಿಯರು ದೂರಕಾಯಗಳಲ್ಲಿ ಬಂದು ಸಾಲಾಗಿ ನಿಂತಿದ್ದರು. ಅಂಗಳದಲ್ಲಿ ನೀರು ಇನ್ನೂ ಸುರಿಯುತ್ತಿತ್ತು. ಶಾಂಭವಿ ಅವ್ವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. ಎರಡೂ ಕೈಗಳ ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು. ಇಬ್ಬರೂ ಮೊದಲ ಮೆಟ್ಟಿಲು ಇಳಿದರು.