ಖಾಲಿ ಕುರ್ಚಿಯ ಸದ್ದು

"ನೀನಾ?"

ಒಟ್ಟೀಲಿಯ ಕೈಯಲ್ಲಿದ್ದ ಚೆಲ್ಲೋ ವಾದ್ಯದ ಕಮಾನು ಅಲ್ಲೇ ನಿಂತಿತು. ಯಾರ ಮುಖ ಇನ್ನು ನೋಡಬಾರದು ಎಂದು ಎರಡು ವರ್ಷದಿಂದ ಅಂದುಕೊಂಡಿದ್ದಳೋ, ಅವನೇ ಹಿತ್ತಾಳೆ ಹಾರ್ನ್ ಬಗಲಲ್ಲಿಟ್ಟುಕೊಂಡು ಎದುರಿಗೆ ನಿಂತಿದ್ದ. ಕೊರ್ಬಿನಿಯಾನ್.

"ನಿಮ್ಮ ಹಾರ್ನ್‌ನವರಿಗೆ ಜ್ವರ ಅಂತೆ. ಕರೆದ್ರು, ಬಂದೆ."

"ಕರೆದಲ್ಲಿಗೆಲ್ಲ ಹೋಗೋನಲ್ವಾ ನೀನು. ಇರೋದೊಂದು ಬರಲ್ಲ ನಿನಗೆ."

ಅವನು ಅವಳ ಬೆನ್ನ ಹಿಂದಿನ ಕುರ್ಚಿಯಲ್ಲಿ ಕುಳಿತ.

ವಿಯೆನ್ನಾದ ಆ ಹಳೆಯ ಸಭಾಂಗಣದಲ್ಲಿ ಹೀಟರ್ ಆರಿಸಿದ್ದರು. ಅದು ಟಿಕ್ ಎಂದರೂ ಮೈಕ್ ಹಿಡಿದುಬಿಡುತ್ತದೆ. ಇನ್ನೂರು ವರ್ಷ ಹಿಂದಿನ ಸಿಂಫನಿಯನ್ನು ಆ ಕಾಲದ್ದೇ ವಾದ್ಯಗಳಲ್ಲಿ ರೆಕಾರ್ಡ್ ಮಾಡಲು ಮೂವತ್ತು ಜನ ಕೋಟು ಹಾಕಿಕೊಂಡೇ ಕುಳಿತಿದ್ದರು. ಚಳಿಗೆ, ಕುರಿಯ ಕರುಳಿನಿಂದ ಮಾಡಿದ ತಂತಿಗಳು ಗಳಿಗೆಗೊಮ್ಮೆ ಶ್ರುತಿ ತಪ್ಪುತ್ತಿದ್ದವು. ಒಟ್ಟೀಲಿಯ ಮನಸ್ಸೂ ಅಷ್ಟೇ.

ಅವರಿಬ್ಬರ ಮದುವೆಗೆ ಮೂರು ವಾರ ಇರುವಾಗ ಬಿಟ್ಟುಹೋಗಿದ್ದ ಪುಣ್ಯಾತ್ಮ. ಹ್ಯಾಂಬರ್ಗ್‌ನಲ್ಲಿ ದೊಡ್ಡ ವಾದ್ಯವೃಂದ ಸಿಕ್ಕಿದೆ ಎಂದು ಎರಡು ಸಾಲಿನ ಪತ್ರ, ಅಷ್ಟೇ.

ಹೆಸರಿಗೋಸ್ಕರ ನನ್ನನ್ನು ಬಿಟ್ಟ... ಅದನ್ನೇ ಹೇಳಿಕೊಂಡು ಅವಳು ದಿನ ತಳ್ಳಿದ್ದಳು.

ಕೆಂಪು ದೀಪ ಹತ್ತಿತು. ಸಿಂಫನಿಯ ಎರಡನೆಯ ಭಾಗದ ರೆಕಾರ್ಡಿಂಗ್. ಹಾರ್ನ್ ಒಂದೇ ನುಡಿಯುವ ನಾಲ್ಕು ಸಾಲು.

ಮೂರನೆಯ ಸ್ವರಕ್ಕೇ ಕೊರ್ಬಿನಿಯಾನ್‌ನ ನಾದ ಒಡೆಯಿತು.

"ಇನ್ನೊಂದ್ಸಲ," ಎಂದಿತು ಸ್ಪೀಕರ್. ರೆಕಾರ್ಡಿಂಗ್ ನೋಡಿಕೊಳ್ಳುವ ವೆಸೆಲಿ ಮೇಡಂ ಪಕ್ಕದ ಕೋಣೆಯಲ್ಲಿದ್ದರು.

ಇನ್ನೊಂದು ಸಲ. ಮತ್ತೊಂದು ಸಲ. ಹನ್ನೊಂದನೆಯದೂ ಒಡೆದಾಗ ಒಟ್ಟೀಲಿ ತಡೆಯಲಾರದೆ ಹಿಂತಿರುಗಿ ನೋಡಿದಳು.

ಒತ್ತುಗುಂಡಿಗಳಿಲ್ಲದ ಆ ಹಳೆಯ ಕಾಲದ ಹಾರ್ನ್‌ನಲ್ಲಿ ಪ್ರತಿ ಸ್ವರವನ್ನೂ ತುಟಿಯೇ ಹುಡುಕಬೇಕು. ಅವನ ಕೆಳತುಟಿ ತನ್ನಷ್ಟಕ್ಕೆ ನಡುಗುತ್ತಿತ್ತು. ಬೆರಳಿನಿಂದ ಒತ್ತಿ ಹಿಡಿದರೂ ನಿಲ್ಲುತ್ತಿರಲಿಲ್ಲ.

ಅವಳಿಗೆ ಥಟ್ಟನೆ ನೆನಪಾಯಿತು. ಬಿಟ್ಟುಹೋಗುವ ಮುಂಚೆ ಒಂದು ತಿಂಗಳು ಅವನು ಬಾಯಿಗೆ ಕೈ ಅಡ್ಡ ಇಟ್ಟೇ ಮಾತಾಡುತ್ತಿದ್ದ. ಮುತ್ತು ಕೊಡಹೋದರೆ ಮುಖ ತಿರುಗಿಸುತ್ತಿದ್ದ. ನಾನು ಬೇಡವಾದೆ ಅಂದುಕೊಂಡಿದ್ದೆನಲ್ಲ...

"ಕೊರ್ಬಿನಿಯಾನ್ ಅವರೇ, ಬೇಜಾರು ಮಾಡ್ಕೋಬೇಡಿ. ಇದನ್ನ ವಾಲ್ಪುರ್ಗಾ ನುಡಿಸ್ಲಿ," ಎಂದಿತು ಸ್ಪೀಕರ್.

ಪಕ್ಕದ ಹಾರ್ನ್‌ನ ವಾಲ್ಪುರ್ಗಾ ಒಂದೇ ಸಲಕ್ಕೆ ನುಡಿಸಿ ಮುಗಿಸಿದಳು. ಅವನು ತಲೆ ತಗ್ಗಿಸಿ ಕೇಳಿದ. ಆಮೇಲೆ ಹಾರ್ನ್‌ಗೆ ಬಟ್ಟೆ ಸುತ್ತಿಕೊಂಡು ಎದ್ದ.

"ಯಾರೂ ಏಳ್ಬೇಡಿ," ಎಂದರು ವೆಸೆಲಿ ಮೇಡಂ. "ಹಾಲ್‌ನ ಮೌನ ಒಂದು ನಿಮಿಷ ಬೇಕು ನಂಗೆ."

ಭಾಗಗಳ ನಡುವೆ ಸೇರಿಸಲು ಆ ಮೌನವನ್ನೂ ರೆಕಾರ್ಡ್ ಮಾಡುತ್ತಾರೆ. ಅದೇ ಜನ ಅದೇ ಕುರ್ಚಿಗಳಲ್ಲಿ ಇರಬೇಕು. ಒಬ್ಬರು ಎದ್ದುಹೋದರೂ ಹಾಲ್‌ನ ಸದ್ದು ಬೇರೆಯಾಗುತ್ತದೆ. ಅವನು ಮತ್ತೆ ಕುಳಿತ.

ಇಪ್ಪತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, ಒಂದು ಬಿಕ್ಕು ಕೇಳಿಸಿತು.

"ಯಾರದು ಅದು?"

"ನಂದು," ಎಂದ ಕೊರ್ಬಿನಿಯಾನ್.

"ಸುಳ್ಳು. ನಂದು," ಒಟ್ಟೀಲಿ ಅವನ ಕಡೆ ತಿರುಗಿದಳು. "ಹ್ಯಾಂಬರ್ಗ್‌ದೂ ಸುಳ್ಳೇ ಅಲ್ವಾ?"

"ಮೈಕ್ ಆನ್ ಇದೆ," ಎಂದರು ವೆಸೆಲಿ ಮೇಡಂ.

"ಇರ್ಲಿ ಬಿಡಿ ಮೇಡಂ," ಎಂದಳು ಒಟ್ಟೀಲಿ.

ಅವನು ಬಟ್ಟೆ ಸುತ್ತಿದ ಹಾರ್ನನ್ನು ತೊಡೆಯ ಮೇಲಿಟ್ಟ. "ಈ ತುಟಿಯ ನಡುಕ ವಾಸಿಯಾಗಲ್ಲ ಟೀಲಿ. ಡಾಕ್ಟರು ಆಗ್ಲೇ ಹೇಳಿದ್ರು. ನುಡಿಸೋಕೆ ಬರದೇ ಇರೋನನ್ನ ಕಟ್ಕೊಂಡು ನೀನೇನು ಮಾಡ್ತಿದ್ದೆ?"

"ಬೈತಿದ್ದೆ. ದಿನಾ ಬೈತಿದ್ದೆ. ಎರಡು ವರ್ಷ ಗೋಡೆಗೆ ಬೈದಿದ್ದೀನಿ ಕಣೋ... ಮತ್ತೆ ಈಗ್ಯಾಕೆ ಬಂದೆ?"

"ಕೊನೇ ಸಲ ನಿನ್ನ ಹಿಂದೆ ಕೂತು ನುಡಿಸೋಣ ಅಂತ. ಅದೂ ಆಗ್ಲಿಲ್ಲ."

ಒಟ್ಟೀಲಿ ಕಮಾನನ್ನು ತೊಡೆಯ ಮೇಲೆ ಅಡ್ಡ ಇಟ್ಟು ಮುಂದಕ್ಕೆ ತಿರುಗಿ ಕುಳಿತಳು.

"ಸರಿ... ಇನ್ನೊಂದ್ಸಲ ಮೌನ," ಎಂದರು ವೆಸೆಲಿ ಮೇಡಂ ಕೊನೆಗೆ.

ಕೆಂಪು ದೀಪ ಹತ್ತಿತು. ಒಟ್ಟೀಲಿ ಎಡಗೈಯನ್ನು ಕುರ್ಚಿಯ ಹಿಂದಕ್ಕೆ ಚಾಚಿದಳು. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಅವಳ ಬೆರಳುಗಳನ್ನು ಅವನ ತಣ್ಣನೆಯ ಕೈ ಹಿಡಿದುಕೊಂಡಿತು. ಆ ಹಾರ್ನ್ ಇನ್ನು ಅವನ ತುಟಿಗೆ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಳು ಒತ್ತಿಕೊಂಡು ಬಂದರೂ ಅರವತ್ತು ಸೆಕೆಂಡ್ ಇಬ್ಬರೂ ಸದ್ದು ಮಾಡಲಿಲ್ಲ.

ದೀಪ ಆರಿತು. ಎಲ್ಲರೂ ಎದ್ದು ಹೊರಟರು.

"ನೀನೂ ಹೊರಟ್ಯಾ?" ಕೇಳಿದಳು.

"ಹೋಗ್ಲಾ?"

"ಬೇಡ. ಒಬ್ಬರು ಎದ್ದುಹೋದ್ರೆ ಸದ್ದು ಹೇಗಿರುತ್ತೆ ಅಂತ ಎರಡು ವರ್ಷ ಕೇಳಿದ್ದೀನಿ."